ಅಪ್ಪನ ಶ್ರುತಿಕವೆ

ಫೆಬ್ರವರಿ 9

ಪುಟ್ಟಿ,

ನೀನು ಹೋಗಿ ಮೂರು ವಾರವಾಯಿತು. ಒಂದು ಕಾಗದವಿಲ್ಲ. ಫೋನ್ ಮಾಡಿದರೆ "ಹೂಂ", "ಆಯ್ತು", "ಊಟ ಆಯ್ತು" ಬಿಟ್ಟು ನಾಲ್ಕನೇ ಮಾತು ನಿನ್ನ ಬಾಯಿಂದ ಬರುವುದಿಲ್ಲ. ಅದಕ್ಕೇ ಬರೆಯಲು ಕೂತೆ. ಕಾಗದದ ಮೇಲೆ ಬರೀ ಹೂಂ ಎಂದು ಬರೆದು ಕಳಿಸಲು ನಿನಗಾದರೂ ನಾಚಿಕೆಯಾಗಬೇಕು.

ಇಲ್ಲಿ ಎಲ್ಲ ಹಾಗೇ ಇದೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಟೈರ್ ಅಂಗಡಿಯ ಮಹಡಿ, ಅದೇ ರಬ್ಬರ್ ವಾಸನೆ, ಒಂದು ಕಾಲು ಗಿಡ್ಡವಾದ ಅದೇ ಬೆಂಚು. ನನ್ನ ಮ್ಯಾಂಡೊಲಿನ್, ಮೇಷ್ಟ್ರ ಗಿಟಾರ್, ಟೈಲರ್‌ನ ಡ್ರಮ್ಮು. ನಿನ್ನ ಪಿಟೀಲಿಲ್ಲದೆ ಹಾಡುಗಳೆಲ್ಲ ಬೋಳುಬೋಳಾಗಿವೆ. ಹೋದ ವಾರ ಕೇಳಲು ಒಂಬತ್ತು ಜನ ಬಂದಿದ್ದರು. ಅವರಲ್ಲಿ ಇಬ್ಬರು ಕೆಳಗೆ ಪಂಚರ್ ಹಾಕಿಸಲು ಗಾಡಿ ಬಿಟ್ಟು ಕಾಯುತ್ತಿದ್ದವರು. ಗಾಡಿ ತಯಾರಾದ ಕೂಡಲೇ ಹಾಡಿನ ಮಧ್ಯೆ ಎದ್ದು ಹೋದರು. ಟೈಲರ್ ಕೋಲು ಕೆಳಗಿಟ್ಟು, "ಪುಟ್ಟಿ ಅಲ್ಲಿ ದೊಡ್ಡೋರ ಮಧ್ಯೆ ಕೂತಿರ್ತಾಳೆ, ನಾವಿಲ್ಲಿ ಪಂಚರ್‌ಗೆ ಹಿನ್ನೆಲೆ ಸಂಗೀತ ಕೊಡ್ತಿದೀವಿ ನೋಡು" ಎಂದ. ನಕ್ಕು ನಕ್ಕು ಸಾಕಾಯಿತು.

ಆದರೂ ಶುರು ಮಾಡುವ ಮುಂಚೆ ಅಪ್ಪನ ಶ್ರುತಿಕವೆಯನ್ನು, ಆ ಎರಡು ಕಡ್ಡಿಯ ಉಕ್ಕಿನ ಕವೆಯನ್ನು, ಮೊಣಕಾಲಿಗೆ ಬಡಿದು ಮ್ಯಾಂಡೊಲಿನ್ನಿನ ಹೊಟ್ಟೆಗೆ ಒತ್ತುತ್ತೇನಲ್ಲ, ಎಲ್ಲರೂ ಬಾಯಿ ಮುಚ್ಚಿ ಬಿರಡೆ ತಿರುಗಿಸುತ್ತಾರಲ್ಲ, ಆ ಒಂದು ನಿಮಿಷಕ್ಕೆ ವಾರವಿಡೀ ಲೇತ್ ಮುಂದೆ ನಿಂತ ಕಾಲುನೋವು ಇಳಿದುಹೋಗುತ್ತದೆ. ಅದಕ್ಕಾಗಿಯೇ ಇಷ್ಟು ವರ್ಷ ಈ ಮೆಟ್ಟಿಲು ಹತ್ತುತ್ತಿದ್ದೇನೆ.

ಆರು ತಿಂಗಳು ನೋಡುತ್ತೇವೆ, ಆಮೇಲೆ ಕಾಯಂ ಎಂದಿದ್ದಾರಲ್ಲ ನಿನ್ನ ದೊಡ್ಡ ಮೇಳದವರು, ನಿನ್ನನ್ನು ನೋಡಲು ಅವರಿಗೆ ಆರು ವಾರ ಸಾಕು.

ಹಾಂ, ಹಿಂದೆ ನಮ್ಮ ಜೊತೆ ಕ್ಲಾರಿನೆಟ್ ಊದುತ್ತಿದ್ದ ಕನ್ನಡಕದವನಿಗೆ ಲಕ್ವ ಹೊಡೆದಿದೆಯಂತೆ. ಎಡಭಾಗ ಪೂರ್ತಿ ಹೋಗಿದೆಯೆಂದು ಟೈಲರ್ ಹೇಳಿದ. ನಾನು ಹೋಗಲಿಲ್ಲ.

ಅಣ್ಣ


ಫೆಬ್ರವರಿ 24

ಅಣ್ಣಾ,

ಹೂಂ.

ಸರಿ, ಸರಿ, ಕಾಗದ ಹರಿಯಬೇಡ. ಬರೆಯುತ್ತೇನೆ.

ನನ್ನ ಕೋಣೆ ಮೂರನೇ ಮಹಡಿಯಲ್ಲಿದೆ. ಕೆಳಗೆ ಬಟ್ಟೆ ಒಗೆಯುವ ದೊಡ್ಡ ಅಂಗಡಿ, ಬೆಳಗಿನಿಂದ ಸಂಜೆಯವರೆಗೆ ಆವಿ ಮೇಲೆ ಬರುತ್ತದೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಪಿಟೀಲಿನ ತಂತಿಗಳು ತೇವಕ್ಕೆ ಸಡಿಲಾಗುತ್ತವೆಂದು ಪೆಟ್ಟಿಗೆಯನ್ನು ಹಾಸಿಗೆಯ ಮೇಲೇ ಇಟ್ಟುಕೊಂಡು ಮಲಗುತ್ತೇನೆ. ಮೇಳದಲ್ಲಿ ನಲವತ್ತು ಜನ. ಎಲ್ಲರೂ ಒಳ್ಳೆಯವರು. ಮೊದಲು ನನ್ನನ್ನು ಎರಡನೇ ಸಾಲಿನಲ್ಲಿ ಕೂರಿಸಿದ್ದರು, ಈಗ ಕೊನೆಯ ಸಾಲಿಗೆ ಬಂದಿದ್ದೇನೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಅಣ್ಣಾ, ಅಪ್ಪನ ಕವೆಯನ್ನು ಎಂದಾದರೂ ಬೇರೆ ಕವೆಯ ಪಕ್ಕ ಇಟ್ಟು ಕೇಳಿದ್ದೀಯಾ? ಸುಮ್ಮನೆ ಕೇಳಿದೆ.

ಕನ್ನಡಕದ ಮಾವನನ್ನು ಒಂದು ಸಲ ಹೋಗಿ ನೋಡಿಕೊಂಡು ಬಾ. ನನ್ನ ಮೂಗಿನ ಮೇಲೆ ಮೊದಲು ಕೂತ ಕನ್ನಡಕ ಅವರು ಮಾಡಿಕೊಟ್ಟದ್ದು. "ಈಗ ಜಗತ್ತು ಎಷ್ಟು ಕೊಳೆಯಾಗಿದೆ ಅಂತ ಗೊತ್ತಾಗುತ್ತೆ ನೋಡು" ಎಂದಿದ್ದರು.

ಪುಟ್ಟಿ


ಮಾರ್ಚ್ 8

ಪುಟ್ಟಿ,

ಸುಮ್ಮನೆ ಕೇಳಿದೆಯಂತೆ! ನೀನು ಯಾವಾಗ ಸುಮ್ಮನೆ ಕೇಳಿದ್ದೀಯೆ? ನಲವತ್ತು ಜನರ ಮಧ್ಯೆ ಕೂತ ಮೇಲೆ ನಾಲ್ಕು ಜನರ ಮೇಳ ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ, ಇರಲಿ. ಆದರೆ ಅಪ್ಪನ ಕವೆಯ ಸುದ್ದಿಗೆ ಬರಬೇಡ.

ಈ ಪ್ರಶ್ನೆಯನ್ನು ಹನ್ನೊಂದು ವರ್ಷದ ಹಿಂದೆ ಕನ್ನಡಕದವನೂ ಕೇಳಿದ್ದ. ಮರೆತೆಯಾ? ವಾರ್ಷಿಕ ಕಾರ್ಯಕ್ರಮದ ದಿನ, ಜನ ಬಂದು ಕೂರುವ ಹೊತ್ತಿಗೆ, ಕ್ಲಾರಿನೆಟ್ ತುಟಿಯಿಂದ ತೆಗೆದು, "ಲೋ, ನಿಮ್ಮ ಕವೆ ಇಳಿದಿದೆ ಕಣೋ, ವರ್ಷ ವರ್ಷ ಇಳೀತಾ ಇದೆ" ಎಂದ. ನಾನು ನಯವಾಗಿಯೇ ಹೇಳಿದೆ: "ನಿನ್ನ ಕೊಳವೇನ ಸ್ವಲ್ಪ ಎಳೆದು ಉದ್ದ ಮಾಡ್ಕೋ, ತಾನೇ ಇಳಿಯುತ್ತೆ." ಅದಕ್ಕವನು, "ಸರಿ ಇರೋದನ್ನ ನಾನ್ಯಾಕೆ ಕೆಡಿಸ್ಲಿ? ಅಕ್ಷರ ಕಾಣ್ತಿಲ್ಲ ಅಂದ್ರೆ ಕನ್ನಡಕ ಬದಲಾಯಿಸ್ಬೇಕು, ಪುಸ್ತಕ ಅಲ್ಲ" ಎಂದ. ಅಪ್ಪ ಕಟ್ಟಿದ ಮೇಳದಲ್ಲಿ, ಅಪ್ಪನ ಕವೆಗೆ! ನನಗೆ ಮೈಯೆಲ್ಲ ಉರಿಯಿತು.

ಕೊನೆಗೆ ಅವನೇ ತೀರ್ಮಾನ ಹೇಳಿದ. "ಮಗೂನ ಕೇಳೋಣ. ಈ ಕೋಣೇಲಿ ಎಲ್ಲರಿಗಿಂತ ಒಳ್ಳೆ ಕಿವಿ ಅವಳ್ದು. ಅವಳು ಹೇಳಿದ್ದೇ ಸರಿ." ನಿನಗೆ ಹದಿನಾಲ್ಕು. ಅವನು ಊದಿದ, ನಾನು ಕವೆ ಬಡಿದೆ. "ಅಣ್ಣಂದೇ ಸರಿ" ಎಂದೆ ನೀನು. ಅವನು ಕ್ಲಾರಿನೆಟ್ ಬಿಚ್ಚಿ ಪೆಟ್ಟಿಗೆಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದವನು ಮತ್ತೆ ಹತ್ತಲಿಲ್ಲ. ನಾವೂ ಕರೆಯಲಿಲ್ಲ.

ಆ ಕವೆಯನ್ನು ನಾನು ಹೇಗೆ ನೋಡಿಕೊಂಡಿದ್ದೇನೆಂದು ನಿನಗೆ ಗೊತ್ತು. ಅಪ್ಪ ಹೋದ ವರ್ಷ ಅದರ ಎರಡು ಕಡ್ಡಿಗಳು ಕೂಡುವ ಸಂದಿಯಲ್ಲಿ ತುಕ್ಕು ಹಿಡಿದಿತ್ತು. ಅಂದಿನಿಂದ ಪ್ರತಿ ವಾರ್ಷಿಕದ ಹಿಂದಿನ ದಿನ ಕಾರ್ಖಾನೆಗೆ ಒಯ್ದು, ಆ ಸಂದಿಗೆ ಮೊದಲು ಗುಂಡು ಅರದಲ್ಲಿ ಕೆರೆದು, ಆಮೇಲೆ ಉಪ್ಪುಕಾಗದದಲ್ಲಿ ಉಜ್ಜಿ, ಕೊನೆಗೆ ಎಣ್ಣೆಬಟ್ಟೆಯಲ್ಲಿ ಒರೆಸಿ ಇಡುತ್ತೇನೆ. ಇಪ್ಪತ್ತು ವರ್ಷವಾಯಿತು, ಒಂದು ಚುಕ್ಕೆ ತುಕ್ಕಿಲ್ಲ. ಮುಖ ನೋಡಿಕೊಳ್ಳಬಹುದು.

ನೀನು ನಿನ್ನ ನಲವತ್ತು ಜನರ ಚಿಂತೆ ಮಾಡು.

ಅಣ್ಣ


ಏಪ್ರಿಲ್ 20

ಅಣ್ಣಾ,

ಇಷ್ಟು ದಿನ ಬರೆಯದಿದ್ದುದಕ್ಕೆ ಬಯ್ಯಬೇಡ. ಅಭ್ಯಾಸ ಜಾಸ್ತಿ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಖಾಲಿ ಸಭಾಂಗಣದಲ್ಲಿ ನುಡಿಸುತ್ತೇನೆ, ಕಸ ಗುಡಿಸುವ ಅಮ್ಮ ಒಬ್ಬರೇ ಕೇಳುವವರು. "ಚೆನ್ನಾಗಿದೆ ಕಣಮ್ಮಾ, ಆದ್ರೆ ಯಾಕೆ ಯಾವಾಗ್ಲೂ ಅಳ್ತಿರೋ ಹಾಗಿರುತ್ತೆ?" ಎಂದು ಕೇಳಿದರು. ನಾನು ನುಡಿಸುತ್ತಿದ್ದದ್ದು ನಮ್ಮ ಮಹಡಿಯ ಕುಣಿತದ ಹಾಡು.

ಹೋದ ಕಾಗದದಲ್ಲಿ ತಪ್ಪು ಮಾತಾಡಿದ್ದರೆ ಬಿಟ್ಟುಬಿಡು. ಒಂದು ಕೇಳಬೇಕಿತ್ತು. ಅಪ್ಪನ ಕವೆಯನ್ನು ಸ್ವಲ್ಪ ದಿನದ ಮಟ್ಟಿಗೆ ನನಗೆ ಕಳಿಸುತ್ತೀಯಾ? ಜುಲೈಯಲ್ಲಿ ಕಾಯಂ ಮಾಡುವ ಮುಂಚೆ ಒಬ್ಬಳೇ ನುಡಿಸಿ ತೋರಿಸಬೇಕು. ಜೊತೆಗಿದ್ದರೆ ಧೈರ್ಯ.

ಮಾವನನ್ನು ನೋಡಲು ಹೋದೆಯಾ? ನೀನು ಆ ಮಾತೇ ಎತ್ತಲಿಲ್ಲ.

ಪುಟ್ಟಿ


ಮೇ 2

ಪುಟ್ಟಿ,

ನಿನ್ನ ಕಾಗದ ಓದಿ ಅತ್ತಿಗೆ ಅತ್ತಳು. ನಾನು ಅಳಲಿಲ್ಲ, ಕಣ್ಣಿಗೆ ಲೋಹದ ಪುಡಿ ಬಿದ್ದಿತ್ತು.

ಕವೆಯನ್ನು ನಿನ್ನ ಹಳೆಯ ಕಾಲುಚೀಲದಲ್ಲಿ ಸುತ್ತಿ, ಮೇಲೆ ಹತ್ತಿಯಿಟ್ಟು, ತಗಡಿನ ಡಬ್ಬಿಯಲ್ಲಿ ಕಳಿಸುತ್ತಿದ್ದೇನೆ. ಅಪ್ಪ ಹೋದ ಮೇಲೆ ಅದು ಈ ಊರು ಬಿಟ್ಟು ಹೋಗುತ್ತಿರುವುದು ಇದೇ ಮೊದಲು. ಟೈಲರ್ ಮುಖ ಊದಿಸಿಕೊಂಡು, "ನಾವೇನ್ ಬಾಯಲ್ಲಿ ಶ್ರುತಿ ಹಾಡ್ಕೊಳ್ಳೋದಾ?" ಎಂದ. ಹಾಡಿಕೋ ಎಂದೆ. ನಮ್ಮ ಹುಡುಗಿ ಅಲ್ಲಿ ಅಪ್ಪನ ಸ್ವರ ಕಿವಿಯಲ್ಲಿಟ್ಟುಕೊಂಡು ನುಡಿಸುವಾಗ ಇಲ್ಲಿ ನಾಲ್ಕು ಭಾನುವಾರ ಹೆಚ್ಚುಕಡಿಮೆಯಾದರೆ ಮುಳುಗಿಹೋಗುವಂಥದ್ದೇನೂ ಇಲ್ಲ.

ತಲುಪಿದ ಕೂಡಲೇ ಬರೆ.

ಅಣ್ಣ


ಮೇ 19

ಅಣ್ಣಾ,

ಕವೆ ತಲುಪಿತು. ಚೆನ್ನಾಗಿದೆ. ಕಾಲುಚೀಲ ಈಗಲೂ ನನಗೆ ಸರಿಹೋಗುತ್ತದೆ.

ಇಲ್ಲಿ ಸೆಖೆ.

ಪುಟ್ಟಿ


ಜೂನ್ 15

ಪುಟ್ಟಿ,

ಇದೊಂದು ಕಾಗದವಾ? ಸೆಖೆಯಂತೆ. ಸೆಖೆಯೆಂದು ಹೇಳಲು ಅಂಚೆಯವನನ್ನು ಅಲ್ಲಿಂದ ಇಲ್ಲಿಗೆ ನಡೆಸಬೇಕಿತ್ತಾ?

ನಮ್ಮ ಪಾಡು ಕೇಳು. ಬಾಯಲ್ಲಿ ಶ್ರುತಿ ಹಾಡಿಕೊಂಡು ಎರಡು ವಾರ ನಡೆಸಿದೆವು, ಬೀದಿನಾಯಿಗಳು ಸೇರಿಕೊಂಡವು. ಕೊನೆಗೆ ವಾದ್ಯದಂಗಡಿಯಿಂದ ಹೊಸ ಕವೆ ತಂದೆ. ಬಡಿದರೆ, ಏನು ಹೇಳಲಿ, ಪೂರ್ತಿ ತಪ್ಪು! ಎತ್ತರದಲ್ಲಿ ಕೂಗುತ್ತದೆ. ಮೇಷ್ಟ್ರ ಗಿಟಾರಿನ ಒಂದು ತಂತಿ ಅದಕ್ಕೆ ಬಿಗಿಯಲು ಹೋಗಿ ಪಟ್ಟೆಂದು ಹರಿಯಿತು. ಈಗಿನವರಿಗೆ ಒಂದು ಕಬ್ಬಿಣದ ತುಂಡನ್ನು ನೆಟ್ಟಗೆ ಮಾಡಲು ಬರುವುದಿಲ್ಲ. ವಾಪಸ್ ಒಯ್ದು ಅಂಗಡಿಯವನ ಮುಂದೆ ಕುಕ್ಕಿದೆ. ಅವನು ಬೇರೆಯದು ಕೊಟ್ಟ. ಅದೂ ಅಷ್ಟೇ ತಪ್ಪು! ಎರಡೂ ಒಂದೇ ಅಚ್ಚಿನವಿರಬೇಕು.

ಮೇಷ್ಟ್ರ ಶಾಲೆಯ ವಿಜ್ಞಾನದ ಕಪಾಟಿನಲ್ಲಿ ಹಳೆಯ ಕಾಲದ್ದೊಂದು ಇದೆಯಂತೆ. ಬರುವ ಭಾನುವಾರ ತರುತ್ತಾರೆ. ಹಳೆಯದು ಸುಳ್ಳು ಹೇಳುವುದಿಲ್ಲ.

ಇನ್ನೊಂದು. ಟೈರ್ ಅಂಗಡಿಯವನಿಗೆ ಸರಕು ತುಂಬಲು ಜಾಗ ಬೇಕಂತೆ. ಈ ವಾರ್ಷಿಕ ಮುಗಿದ ಮೇಲೆ ಮಹಡಿ ಬಿಡಿ ಎಂದಿದ್ದಾನೆ. ಬೇರೆ ಕಡೆ ನೋಡೋಣ.

ನಿನ್ನದೇನಾಯಿತು?

ಅಣ್ಣ


ಜುಲೈ 6

ಪುಟ್ಟಿ,

ಮೂರೂ ಒಂದೇ ಮಾತು ಹೇಳುತ್ತಿವೆ.

ಶಾಲೆಯ ಕವೆಯನ್ನು ಮೇಷ್ಟ್ರು ಮೇಜಿನ ಮೇಲಿಟ್ಟರು. ಅದರ ಪಕ್ಕ ಅಂಗಡಿಯ ಕವೆ. ಇನ್ನೊಂದನ್ನೂ ಎರವಲು ತರಿಸಿದ್ದೆ. ಮೂರನ್ನೂ ಒಂದಾದ ಮೇಲೊಂದು ಬಡಿದೆ, ಮೂರೂ ಒಂದೇ ಸ್ವರ. ಟೈಲರ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಮೇಷ್ಟ್ರು ಮಾತ್ರ ಮೆಲ್ಲಗೆ, "ನೀವು ಉಜ್ಜೋದು ಯಾವ ಜಾಗದಲ್ಲಿ?" ಎಂದು ಕೇಳಿದರು.

ನನ್ನ ಕೆಲಸವೇನು ಹೇಳು? ಹೊತ್ತು ಹುಟ್ಟಿದರೆ ಲೋಹ ತೇಯುವುದು. ಕಡ್ಡಿಯ ಬುಡ ಸವೆದರೆ ಅದು ಮೆತ್ತಗಾಗುತ್ತದೆ, ನಿಧಾನ ಅದುರುತ್ತದೆ, ಸ್ವರ ಇಳಿಯುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಗೂ ಮೊದಲ ವಾರ ನಾನೇ ಇದನ್ನು ಹೇಳಿಕೊಡುತ್ತೇನೆ. ಅಪ್ಪನ ಕವೆ ಮಾತ್ರ ನನ್ನ ಕಣ್ಣಿಗೆ ಲೋಹವಾಗಿ ಕಾಣಲಿಲ್ಲ. ಇಪ್ಪತ್ತು ವರ್ಷ ಪ್ರೀತಿಯಿಂದ ಉಜ್ಜಿ ಉಜ್ಜಿ ಹಾಳು ಮಾಡಿದೆ. ತುಕ್ಕು ಹಿಡಿಯಲು ಬಿಟ್ಟಿದ್ದರೂ ಇಷ್ಟು ಕೆಡುತ್ತಿರಲಿಲ್ಲ.

ಅಂದಿನಿಂದ ಒಂದು ಮಾತು ತಲೆ ತಿನ್ನುತ್ತಿದೆ. ನೀನು ಅದನ್ನು ಕೇಳಿ ತರಿಸಿಕೊಂಡದ್ದು ಧೈರ್ಯಕ್ಕಲ್ಲ. ನಿನಗೆ ಗೊತ್ತಿತ್ತು. "ಚೆನ್ನಾಗಿದೆ" ಎಂದು ಬರೆದೆ. ನಿನ್ನಣ್ಣ ಮತ್ತೆ ಮತ್ತೆ ಅಂಗಡಿಗೆ ಹೋಗಿ ಸರಿಯಾದ ಕವೆಗಳನ್ನು ಬಯ್ದುಕೊಂಡು ತಿರುಗುತ್ತಿದ್ದಾಗ ನೀನು ಸೆಖೆಯ ಸುದ್ದಿ ಬರೆದೆ.

ನಿನ್ನದು ಏನಾಯಿತೆಂದು ಈಗ ಕೇಳಲು ಹೆದರಿಕೆಯಾಗುತ್ತಿದೆ. ಆದರೂ ಬರೆ. ಪೂರ್ತಿ ಬರೆ.

ಅಣ್ಣ


ಜುಲೈ 14

ಅಣ್ಣಾ,

ಪೂರ್ತಿ ಬರೆಯುತ್ತೇನೆ.

ಮೊದಲ ದಿನವೇ ಗೊತ್ತಾಯಿತು. ನಲವತ್ತು ಜನ ಶ್ರುತಿ ಕೂಡಿಸಿದಾಗ ನನ್ನ ಕಿವಿಗೆ ಎಲ್ಲರೂ ಸ್ವಲ್ಪ ಮೇಲೆ ಕೇಳಿಸಿದರು. ಹೊಸ ಜಾಗ, ಗಾಬರಿ ಎಂದುಕೊಂಡೆ. ತಂತಿಗಳನ್ನು ಅವರ ಸ್ವರಕ್ಕೇ ಕಟ್ಟಿಕೊಂಡರೂ ನುಡಿಸುತ್ತಾ ನುಡಿಸುತ್ತಾ ಬೆರಳು ಕೆಳಗೆ ಜಾರುತ್ತಿತ್ತು, ನಮ್ಮ ಮಹಡಿಯ ಸ್ವರ ಹುಡುಕಿಕೊಂಡು. ಮುಖ್ಯ ಪಿಟೀಲಿನವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ನಿಮ್ಮ ಬಿಲ್ಲಿನ ಕೈ ಬಹಳ ಚೆನ್ನಾಗಿದೆ. ಆದ್ರೆ ನೀವು ಬೇರೆ ಯಾರ ಜೊತೆಗೋ ನುಡಿಸ್ತಿದೀರಾ" ಎಂದರು. ಹಿಂದಿನ ಸಾಲು, ಆಮೇಲೆ ಕೊನೆಯ ಸಾಲು. ಜೂನ್ ಕೊನೆಯಲ್ಲಿ ಕರೆದು ಹೇಳಿಬಿಟ್ಟರು, ಕಾಯಂ ಇಲ್ಲ. ಮುಂದಿನ ವರ್ಷ ಬೇಕಾದರೆ ಇನ್ನೊಮ್ಮೆ ಬಂದು ನುಡಿಸಿ ತೋರಿಸಬಹುದಂತೆ. ಈಗ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಸ್ವರದ ಹಾಳೆಗಳನ್ನು ನಕಲು ಮಾಡುವ ಕೆಲಸ ಕೊಟ್ಟಿದ್ದಾರೆ. ನಾನು ಬರೆದ ಹಾಳೆ ಮೇಲಕ್ಕೆ ಹೋಗುತ್ತದೆ, ಅವರು ನುಡಿಸಿದ್ದು ಛಾವಣಿಯಿಂದ ನನಗೆ ಕೇಳಿಸುತ್ತದೆ. ಈಗಲೂ ಸ್ವಲ್ಪ ಮೇಲೆಯೇ ಕೇಳಿಸುತ್ತದೆ.

ಮೇ ತಿಂಗಳಲ್ಲಿ ನಿನ್ನ ಡಬ್ಬಿ ಬಂದ ದಿನ ಅಪ್ಪನ ಕವೆಯನ್ನು ಇಲ್ಲಿಯದರ ಜೊತೆ ಬಡಿದೆ. ಎರಡೂ ಸೇರಿ ವೊವ್ ವೊವ್ ಎಂದು ಜಗಳವಾಡಿದವು. ನಮ್ಮ ಸ್ವರ ಪಕ್ಕದ ಸ್ವರದ ಕಡೆಗೆ ಕಾಲುಭಾಗ ಇಳಿದುಹೋಗಿದೆ ಅಣ್ಣಾ. ಮನೆಯ ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ಮನೆಯವರೆಲ್ಲ ಒಟ್ಟಿಗೇ ಏಳುತ್ತಾರೆ, ಒಟ್ಟಿಗೇ ಉಣ್ಣುತ್ತಾರೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆ ಮನೆಯಿಂದ ಹೊರಟವಳಿಗೆ ಮಾತ್ರ ರೈಲು ತಪ್ಪುತ್ತದೆ.

ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಕವೆಯನ್ನು ಕಿಟಕಿಯಿಂದ ಎಸೆಯಲು ಹೋದೆ. ಎದುರಿಗೆ ಗೋಡೆ. ಎಸೆದರೂ ವಾಪಸ್ ಬಂದು ನನ್ನ ಕಾಲ ಮೇಲೇ ಬೀಳುತ್ತಿತ್ತು. ಆಮೇಲೆ ಆ ಸಂದಿಯನ್ನು ನೋಡಿದೆ, ಎಷ್ಟು ಹೊಳೆಯುತ್ತಿತ್ತು. "ಚೆನ್ನಾಗಿದೆ" ಎಂದು ಬರೆದೆ. ಇನ್ನೇನು ಬರೆಯಲಿ?

ನನ್ನದು ಹೋದರೆ ಹೋಗಲಿ. ಮಾವನನ್ನು ಹೊರಗೆ ಹಾಕಿದೆವಲ್ಲ. ಸರಿ ಹೇಳಿದ ಒಬ್ಬರನ್ನು. ಅದೂ ನನ್ನ ಬಾಯಿಂದ.

ಈಗಲಾದರೂ ಹೋಗು.

ಪುಟ್ಟಿ


ಆಗಸ್ಟ್ 17

ಪುಟ್ಟಿ,

ಹೋಗಿದ್ದೆ. ಎರಡು ಸಲ ಬೀದಿಯ ತಿರುವಿನವರೆಗೆ ಹೋಗಿ ಹಿಂದೆ ಬಂದೆ, ಮೂರನೇ ಸಲ ಬಾಗಿಲು ತಟ್ಟಿದೆ.

ಕನ್ನಡಕದ ಅತ್ತೆಯೇ ಬಾಗಿಲು ತೆಗೆದರು. ನನ್ನನ್ನು ನೋಡಿ, "ಬಾ" ಎಂದರು, ಅಷ್ಟೇ. ಮುಂದಿನ ಕೋಣೆಯಲ್ಲಿದ್ದ ಕನ್ನಡಕದ ಅಂಗಡಿ ಮುಚ್ಚಿದೆ. ಅಕ್ಷರ ಓದಿಸುವ ಹಲಗೆ ಮಾತ್ರ ಗೋಡೆಯಲ್ಲಿದೆ. ಅವನು ಒಳಗೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದ. ಎಡಗೈ ತೊಡೆಯ ಮೇಲೆ ಇಟ್ಟಲ್ಲಿಯೇ ಇತ್ತು. ಬಾಯಿ ಒಂದು ಕಡೆಗೆ ಎಳೆದಿದೆ, ತುಟಿ ಕೂಡುವುದಿಲ್ಲ. ಪುಟ್ಟಿ, ಅವನು ಇನ್ನು ಊದಲಾರ.

ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ನೀನೇ ಸರಿ ಕಣೋ." ಅರ್ಧ ಮುಖದಲ್ಲಿ ನಕ್ಕ. ಏನೋ ಹೇಳಿದ, ತಿಳಿಯಲಿಲ್ಲ. ಅತ್ತೆ ಬಾಗಿ ಕೇಳಿ ಹೇಳಿದರು: "ಇಷ್ಟು ಬೇಗ ಯಾಕೆ ಬಂದೆ ಅಂತಿದಾರೆ." ಆ ಮಾತಿಗೆ ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಈ ಸಲ ಲೋಹದ ಪುಡಿಯಲ್ಲ.

ಆಮೇಲೆ ಬಲಗೈಯಲ್ಲಿ ಕಪಾಟು ತೋರಿಸಿದ. ಅತ್ತೆ ಕ್ಲಾರಿನೆಟ್ ಪೆಟ್ಟಿಗೆ ತಂದು ನನ್ನ ಮಡಿಲಲ್ಲಿಟ್ಟರು. ಬಿಚ್ಚಿದೆ. ಬಾಯಿಡುವ ಭಾಗದ ಕೆಳಗೆ, ಕೊಳವೆಗಳು ಒಂದಕ್ಕೊಂದು ಸೇರುವ ಕಡೆ, ತೆಳ್ಳಗಿನ ಉಂಗುರಗಳು. ಕಂದು, ಕಪ್ಪು, ಜೇನಿನ ಬಣ್ಣ. ಕನ್ನಡಕದ ಚೌಕಟ್ಟುಗಳನ್ನು ತೇದು ಮಾಡಿದವು. ಒಂದರ ಮೇಲೊಂದು ಕೂತು ಕೊಳವೆಯನ್ನು ಅಷ್ಟು ಉದ್ದ ಮಾಡಿವೆ. ಎಣಿಸಿದೆ. ಹನ್ನೊಂದು.

ಅತ್ತೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಪ್ರತಿ ವರ್ಷ ನಿಮ್ಮ ವಾರ್ಷಿಕದ ದಿನ ಟೈರ್ ಅಂಗಡಿ ಎದುರಿಗೆ ನಿಂತು ಕೇಳಿ ಬರೋರು. ಬಂದು, 'ಈ ವರ್ಷ ಇನ್ನೊಂದು ಎಳೆ ಇಳಿದಿದಾರೆ ಕಣೇ' ಅಂತ ಒಂದು ಉಂಗುರ ತೇದು ಹಾಕೋರು. ಯಾಕೆ ಇದೆಲ್ಲ ಅಂದ್ರೆ, 'ಕರೆದ್ರೆ ಹೋಗೋಕೆ ತಯಾರಿರ್ಬೇಕಲ್ಲ' ಅನ್ನೋರು."

ಸರಿ ಇರುವುದನ್ನು ಯಾಕೆ ಕೆಡಿಸಲಿ ಎಂದು ಜಗಳವಾಡಿ ಹೋದವನು, ಪುಟ್ಟಿ. ನಾನು ಪ್ರತಿ ವರ್ಷ ಉಜ್ಜಿ ತೆಗೆದದ್ದನ್ನು ಅವನು ಅಲ್ಲಿ ಕೂತು ಕೂಡಿಸುತ್ತಾ ಬಂದಿದ್ದಾನೆ. ಆ ಉಂಗುರಗಳನ್ನು ಬೆರಳಲ್ಲಿ ಹಿಡಿದು ನೋಡಿದೆ, ಕೂದಲೆಳೆಯ ಏರುಪೇರಿಲ್ಲ. ಲೇತ್ ಇಲ್ಲದೆ, ಬರಿಗೈಯಲ್ಲಿ.

ಹೊರಡುವಾಗ ನಿನ್ನನ್ನು ಕೇಳಿದ. ನಿನಗಾದದ್ದನ್ನು ಹೇಳಿದೆ. "ಮಗೂದೇನೂ ತಪ್ಪಿಲ್ಲ, ಅವಳ ಕಿವಿಗೆ ಕೇಳಿಸಿದ್ದನ್ನೇ ಹೇಳಿದ್ಲು" ಎಂದನಂತೆ. ಇದನ್ನು ನಿನಗೆ ಬರೆಯಲೇಬೇಕೆಂದು ಅತ್ತೆಯ ಕೈಲಿ ಎರಡು ಸಲ ಹೇಳಿಸಿದ.

ಕವೆ ವಾಪಸ್ ಕಳಿಸು. ಈ ವಾರ್ಷಿಕಕ್ಕೆ ಆ ಹಳೆಯ ಸ್ವರದಲ್ಲೇ ನುಡಿಸುತ್ತೇವೆ, ಅವನ ಕೊಳವೆ ಇರುವ ಸ್ವರದಲ್ಲಿ. ನೀನೂ ಬಾ. ಆ ಮಹಡಿಯಲ್ಲಿ ಅದೇ ಕೊನೆ.

ಅಣ್ಣ


ಆಗಸ್ಟ್ 30

ಅಣ್ಣಾ,

ಕವೆಯನ್ನು ಅದೇ ಡಬ್ಬಿಯಲ್ಲಿ ಕಳಿಸಿದ್ದೇನೆ. ಉಜ್ಜಬೇಡ.

ನಾನು ಬರುವುದಿಲ್ಲ. ರಜೆ ಸಿಗುವುದಿಲ್ಲ ಎಂದು ಬರೆಯೋಣವೆಂದುಕೊಂಡೆ, ಆದರೆ ಸುಳ್ಳು ಸಾಕಾಗಿದೆ. ರಜೆ ಸಿಗುತ್ತದೆ. ಮಾವನಿಗೆ ಮುಖ ತೋರಿಸಲು ನನ್ನಿಂದಾಗದು. ಅವರು ಹೇಳಿ ಕಳಿಸಿದ ಮಾತನ್ನು ದಿನಾ ಓದುತ್ತೇನೆ. ಅದನ್ನು ಓದಿದ ಮೇಲಂತೂ ಇನ್ನೂ ಆಗದು. ಯಾಕೆಂದು ಕೇಳಬೇಡ.

ಪುಟ್ಟಿ


ನವೆಂಬರ್ 13

ಪುಟ್ಟಿ,

ಕೇಳಬೇಡ ಎಂದೆ, ಕೇಳಲಿಲ್ಲ. ನಿನ್ನೆ ವಾರ್ಷಿಕ ಮುಗಿಯಿತು. ಹೇಳದೆ ಇರಲಾರೆ.

ಅವನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಮೆಟ್ಟಿಲು ಹತ್ತಿಸಿದೆವು. ನಾನು, ಮೇಷ್ಟ್ರು, ಟೈಲರ್. ಟೈರ್ ಅಂಗಡಿಯವನೂ ಒಂದು ಕಡೆ ಹಿಡಿದ. ಅರ್ಧ ದಾರಿಯಲ್ಲಿ ಟೈಲರ್, "ಮಾವಾ, ಹನ್ನೊಂದು ವರ್ಷದಲ್ಲಿ ಉಂಗುರ ಮಾತ್ರ ಅಲ್ಲ, ತೂಕಾನೂ ಏರಿಸಿದೀರಾ" ಎಂದ. ಕನ್ನಡಕದವನು ಕುರ್ಚಿ ಅಲುಗಾಡುವಷ್ಟು ನಕ್ಕ. ಜನ ಇಪ್ಪತ್ತಮೂರು. ಕೋಣೆಯ ಅರ್ಧಕ್ಕೆ ಆಗಲೇ ಟೈರುಗಳನ್ನು ಪೇರಿಸಿದ್ದರು, ಕೆಲವರು ಅದರ ಮೇಲೇ ಕೂತರು.

ಕವೆ ಬಡಿದೆ. ಎಲ್ಲರೂ ಆ ಇಳಿದ ಸ್ವರಕ್ಕೆ ಬಿರಡೆ ತಿರುಗಿಸಿದೆವು, ತಪ್ಪೆಂದು ಗೊತ್ತಿದ್ದೇ. ಅತ್ತೆ ಕ್ಲಾರಿನೆಟ್ಟನ್ನು ಅವನ ತೊಡೆಯ ಮೇಲಿಟ್ಟು, ಆಡದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ತೂತುಗಳ ಮೇಲೆ ಕೂರಿಸಿದರು. ನಾವು ಶುರು ಮಾಡಿದೆವು. ಬಲಗೈ ಬೆರಳುಗಳು ಆಡಿದವು ಪುಟ್ಟಿ. ಹಾಡಿನುದ್ದಕ್ಕೂ ಆಡಿದವು. ಒಂದು ಕಡೆಯೂ ತಪ್ಪಲಿಲ್ಲ, ಒಂದು ಕಡೆಯೂ ಹಿಂದೆ ಬೀಳಲಿಲ್ಲ. ಸದ್ದು ಮಾತ್ರ ಇಲ್ಲ. ತೂತು ಮುಚ್ಚುವ ಬಿಲ್ಲೆಗಳ ಟಕ್ ಟಕ್ ಅಷ್ಟೇ ಕೇಳುತ್ತಿತ್ತು. ಟೈಲರ್ ಅದು ಕೇಳಲೆಂದು ಡ್ರಮ್ಮಿನ ಮೇಲೆ ಬಟ್ಟೆ ಹಾಕಿಕೊಂಡು ಬಾರಿಸಿದ.

ಮುಗಿದ ಮೇಲೆ ಅವನು ಕೋಣೆಯೆಲ್ಲ ಕಣ್ಣಾಡಿಸಿದ. ಏನೋ ಕೇಳಿದ. ಅತ್ತೆ ಹೇಳಲು ಹಿಂದೆಮುಂದೆ ನೋಡಿದರು, ನಾನೇ ಒತ್ತಾಯ ಮಾಡಿದೆ. "ಹುಡುಗಿ ಎಲ್ಲಿ? ಸರಿ ಇತ್ತಾ ಅಂತ ಅವಳು ಹೇಳ್ಬೇಕಲ್ಲ."

ನಾನೇನು ಹೇಳಲಿ ಅವನಿಗೆ?

ಅಣ್ಣ


ನವೆಂಬರ್ 18

ಅಣ್ಣಾ,

ಯಾಕೆಂದು ಕೇಳಬೇಡ ಎಂದಿದ್ದೆ. ಈಗ ನಾನೇ ಹೇಳುತ್ತೇನೆ.

ಆ ದಿನ ನನ್ನ ಕಿವಿಗೆ ಎರಡೂ ಬೇರೆಬೇರೆಯೆಂದು ಕೇಳಿಸಿತ್ತು. ಮಾವ ಊದಿದಾಗ, ಮಸುಕಾದ ಕನ್ನಡಕ ಒರೆಸಿ ಹಾಕಿಕೊಂಡ ಹಾಗಾಯಿತು. ಒಂದು ಕ್ಷಣ, ಅಷ್ಟೇ. ಅದೇ ಸರಿಯೆಂದು ಗೊತ್ತಾಯಿತು. ಆಮೇಲೆ ನಿನ್ನ ಕಡೆ ನೋಡಿದೆ. ಅಪ್ಪನ ಕವೆಯನ್ನು ಎದೆಗೆ ಅವಚಿಕೊಂಡು ನೀನು ನನ್ನ ಬಾಯನ್ನೇ ನೋಡುತ್ತಿದ್ದೆ. ಬಾಯಿಂದ "ಅಣ್ಣಂದೇ ಸರಿ" ಎಂದು ಬಂದುಬಿಟ್ಟಿತು. ಹನ್ನೊಂದು ವರ್ಷ ಆ ಮಾತನ್ನೇ ನಿಜ ಮಾಡಿಕೊಳ್ಳಲು ನುಡಿಸಿದೆ, ಕೊನೆಗೆ ಕಿವಿಯೂ ನಂಬಿತು. ಮಾವ ಮಾತ್ರ ನಾನು ಸುಳ್ಳು ಹೇಳಲಿಲ್ಲವೆಂದೇ ಇಷ್ಟು ವರ್ಷ ನಂಬಿಕೊಂಡು ಉಂಗುರ ತೇಯುತ್ತಾ ಕೂತಿದ್ದರು.

ಶನಿವಾರದ ರೈಲಿಗೆ ಹೊರಡುತ್ತಿದ್ದೇನೆ. ಉಂಗುರಗಳನ್ನು ಯಾರೂ ತೆಗೆಯದಿರಲಿ. ಮಾವನಿಗೆ ನೀನೇನೂ ಹೇಳಬೇಡ. ಅವರ ಮನೆಗೆ ನಾನೊಬ್ಬಳೇ ಹೋಗುತ್ತೇನೆ, ನೀನು ಬೀದಿಯ ತಿರುವಿನಲ್ಲೇ ನಿಂತಿರು. ಈ ಸಲ ನಿನ್ನ ಮುಖ ನೋಡದೆ ಹೇಳಬೇಕು.

ಪುಟ್ಟಿ